ಅದಲುಬದಲಾದ ಎರಡು ಒಟಿಪಿ: ಡೊಂಬಿವಲಿಯ ಒಂದು ಫ್ರಿಜ್ಜಿನ ಪ್ರಕರಣ

2024ರ ಅಕ್ಟೋಬರ್ 20, ಭಾನುವಾರ. ನಮ್ಮ ಸೊಸೈಟಿಯ ಬಿ ವಿಂಗಿನ ಮೂರನೇ ಮಾಳಿಗೆಯಲ್ಲಿ ಹದಿನಾಲ್ಕು ವರ್ಷ ದುಡಿದ ಫ್ರಿಜ್ ಒಂದು ನಿಂತುಹೋಯಿತು. ಮೆಕ್ಯಾನಿಕ್ ಬಂದು ಹಿಂದಿನಿಂದ ಮುಟ್ಟಿ ನೋಡಿ ‘ಕಂಪ್ರೆಸರ್ ಹೋಗಿದೆ, ಏಳು ಸಾವಿರ’ ಅಂದ. ಮುಂಬಯಿಯವರು ‘ಅಕ್ಟೋಬರ್ ಹೀಟ್’ ಎಂದು ಕರೆಯುವ ಬೇಗೆಯ ದಿನಗಳವು. ಹಾಲು, ಹಿಟ್ಟು ಕೆಟ್ಟರೆ ಕೆಡಲಿ, ಆದರೆ ಆ ಮನೆಯ ಯಜಮಾನರ ಇನ್ಸುಲಿನ್ ಪೆನ್ನುಗಳು ಫ್ರಿಜ್ಜಿನಲ್ಲಿದ್ದವು. ತೆರೆಯದ ಪೆನ್ನಿಗೆ 2ರಿಂದ 8 ಡಿಗ್ರಿಯ ತಂಪು ಬೇಕು. ಅವು ಅಂದೇ ಸಂಜೆ ಒಂದು ಸ್ಟೀಲ್ ಡಬ್ಬಿಯಲ್ಲಿ ನಮ್ಮ ಮನೆಗೆ ಬಂದವು. ನಾನು ಈ ಪ್ರಕರಣದೊಳಗೆ ಬಂದದ್ದೂ ಆ ಡಬ್ಬಿಯ ಜೊತೆಗೇ.

ಆ ಮನೆಯ ಗಂಡ ಹೆಂಡತಿಯನ್ನು ಭಾವ, ಅಕ್ಕ ಎಂದೇ ಬರೆಯುತ್ತೇನೆ. ರಕ್ತಸಂಬಂಧವಿಲ್ಲ, ಊರ ಕಡೆಯವರು, ಇಪ್ಪತ್ತೆಂಟು ವರ್ಷದಿಂದ ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ ಒಂದೇ ಸೊಸೈಟಿ. ಹೀಗಾಗಿ ಅವರ ಒಬ್ಬಳೇ ಮಗಳಿಗೆ ನಾನು ಮಾವ. ಅವಳು 2022ರ ಆಗಸ್ಟಿನಿಂದ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ನಾನು ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತು ಚಿಲ್ಲರೆ ವರ್ಷ ಕೂತು ನಿವೃತ್ತನಾದವನು. ಅಂಗಡಿಯ ಹೆಸರು, ಬ್ಯಾಂಕಿನ ಹೆಸರು ಇಲ್ಲಿ ಬರುವುದಿಲ್ಲ. ನಡೆದದ್ದು ಯಾವ ಅಂಗಡಿಯಲ್ಲೂ ನಡೆಯಬಹುದಿತ್ತು.

ಸುದ್ದಿ ತಿಳಿದ ಮಗಳು ‘ನೀವು ಬಿಸಿಲಲ್ಲಿ ಅಂಗಡಿ ಅಲೆಯೂದು ಬೇಡ, ನಾನೇ ಆನ್‌ಲೈನಲ್ಲಿ ತರಿಸ್ತೇನೆ, ಹಬ್ಬದ ಸೇಲ್ ಇದೆ’ ಎಂದಳು. ಅವಳ ವಿಶ್ವಾಸಕ್ಕೆ ಕಾರಣವಿತ್ತು. ಎರಡು ವರ್ಷದಲ್ಲಿ ಅಲ್ಲಿ ಅವಳು ಮಂಚದಿಂದ ಹಿಡಿದು ಸೈಕಲ್ ಬೀಗದವರೆಗೆ ಎಲ್ಲವನ್ನೂ ಫೋನಿನಲ್ಲೇ ಕೊಂಡಿದ್ದಳು.

ಆದರೆ ಅಲ್ಲಿ ಕಲಿತದ್ದು ಇಲ್ಲಿಗೆ ಹೊಂದುವುದಿಲ್ಲ ಎನ್ನುವುದು ಈ ಪ್ರಕರಣದ ಅರ್ಧ ಭಾಗ. ಮ್ಯೂನಿಕ್‌ಗೆ ಹೋದ ಮೊದಲ ತಿಂಗಳು ಅವಳ ಎರಡು ಪಾರ್ಸೆಲ್ ವಾಪಸಾಗಿದ್ದವು. ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಬೀದಿ, ಕಟ್ಟಡದ ಸಂಖ್ಯೆ, ಮೇಲೆ ಹೆಸರು. ಡೆಲಿವರಿಯವನು ಕೆಳಗಿನ ಕಾಲಿಂಗ್ ಬೆಲ್ಲುಗಳ ಸಾಲಿನಲ್ಲಿ ಆ ಹೆಸರು ಹುಡುಕುತ್ತಾನೆ. ಇವಳು ಇನ್ನೊಬ್ಬರ ಮನೆಯ ಒಂದು ಕೋಣೆಯಲ್ಲಿದ್ದಳು, ಬೆಲ್ಲಿನ ಮೇಲೆ ಮನೆಯೊಡತಿಯ ಹೆಸರು ಮಾತ್ರ. ಬಂದವನ ಪಾಲಿಗೆ ಅಂಥ ಮನುಷ್ಯಳೇ ಆ ಕಟ್ಟಡದಲ್ಲಿ ಇಲ್ಲ. ಆಮೇಲೆ ಬೆಲ್ಲಿನ ಪಕ್ಕ ಒಂದು ಚೀಟಿ ಅಂಟಿಸಿದಳು, ಎಲ್ಲ ಸರಿಹೋಯಿತು. ಮನೆಯಲ್ಲಿಲ್ಲದಿದ್ದರೆ ಪಕ್ಕದವರ ಕೈಗೆ ಕೊಟ್ಟು ಅಂಚೆಪೆಟ್ಟಿಗೆಯಲ್ಲಿ ಕಾರ್ಡು ಹಾಕಿ ಹೋಗುತ್ತಾರೆ. ಬೇಡವಾದರೆ 14 ದಿನದೊಳಗೆ ಕಾರಣ ಹೇಳದೆ ಹಿಂದಿರುಗಿಸುವ ಹಕ್ಕು ಐರೋಪ್ಯ ಒಕ್ಕೂಟದ ಕಾನೂನಿನಲ್ಲೇ ಇದೆ. ಫೋನ್ ನಂಬರನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ.

ನಮ್ಮಲ್ಲೋ, ವಿಳಾಸದಲ್ಲಿ ವಿಂಗ್, ಫ್ಲ್ಯಾಟ್, ‘ಗಣಪತಿ ಮಂದಿರದ ಹಿಂದೆ’ ಎಲ್ಲ ಬರೆದರೂ ಹುಡುಗ ಗೇಟಿನಲ್ಲಿ ನಿಂತು ಫೋನ್ ಮಾಡಿಯೇ ಮಾಡುತ್ತಾನೆ. ಅಲ್ಲಿ ಹೆಸರಿಗೆ ಬಾಗಿಲು ತೆರೆಯುತ್ತದೆ, ಇಲ್ಲಿ ನಂಬರಿಗೆ. ಈ ಮಾತು ನನಗೆ ಹೊಳೆದದ್ದು ಮಾತ್ರ ಎಲ್ಲ ಮುಗಿದ ಮೇಲೆ.

ಅಕ್ಟೋಬರ್ 22, ರಾತ್ರಿ ಎಂಟೂವರೆ

253 ಲೀಟರಿನ, ಎರಡು ಬಾಗಿಲಿನ ಫ್ರಿಜ್. ಸೇಲ್‌ನಲ್ಲಿ 27,490 ರೂಪಾಯಿ. ಮ್ಯೂನಿಕ್‌ನಲ್ಲಿ ಆಗ ಸಂಜೆ ಐದು.

ಅವಳು ಮೊದಲು ಜರ್ಮನ್ ಕಾರ್ಡು ಹಾಕಿದಳು. ಅವಳ ಬ್ಯಾಂಕಿನ ಆ್ಯಪ್ ಒಪ್ಪಿಗೆ ಕೇಳಿತು, ಕೊಟ್ಟಳು. ಅಂಗಡಿಯ ಪುಟ ‘ಪಾವತಿ ವಿಫಲ’ ಎಂದಿತು. ಬ್ಯಾಂಕು ಮಾತ್ರ ಸುಮಾರು 305 ಯೂರೊ ತಡೆಹಿಡಿದುಕೊಂಡಿತು. ಅದು ಬಿಡುಗಡೆಯಾದದ್ದು ಒಂಬತ್ತು ದಿನದ ಮೇಲೆ. ಯುಪಿಐ ನೋಡೋಣವೆಂದರೆ ಅದಕ್ಕೆ ಬ್ಯಾಂಕಿಗೆ ಜೋಡಿಸಿದ ಸಿಮ್ ಅದೇ ಫೋನಿನಲ್ಲಿ ಇರಬೇಕು. ವಿದೇಶಿ ನಂಬರಿನಿಂದ ಯುಪಿಐ ಬಳಸಲು ಅನಿವಾಸಿಗಳಿಗೆ 2023ರಲ್ಲಿ ಅವಕಾಶವಾದದ್ದು ನಿಜ, ಆದರೆ ಮೊದಲ ಪಟ್ಟಿಯಲ್ಲಿದ್ದದ್ದು ಹತ್ತು ದೇಶ: ಸಿಂಗಪುರ, ಆಸ್ಟ್ರೇಲಿಯಾ, ಕೆನಡಾ, ಹಾಂಗ್‌ಕಾಂಗ್, ಒಮಾನ್, ಕತಾರ್, ಅಮೆರಿಕ, ಸೌದಿ, ಯುಎಇ, ಬ್ರಿಟನ್. ಜರ್ಮನಿ ಅದರಲ್ಲಿ ಇರಲಿಲ್ಲ. ದುಬೈಯಲ್ಲಿರುವ ನಮ್ಮವರು ‘ಅದೆಂತ ಕಷ್ಟ’ ಎಂದು ನಗುವುದು ಇದಕ್ಕೇ.

ಉಳಿದದ್ದು ಅವಳ ಹಳೆಯ ಸಂಬಳದ ಖಾತೆಯ ಡೆಬಿಟ್ ಕಾರ್ಡು. ಡೊಂಬಿವಲಿಯ ಶಾಖೆಯದು. ಹಬ್ಬದ ರಿಯಾಯಿತಿಯೂ ಭಾರತದ ಬ್ಯಾಂಕುಗಳ ಕಾರ್ಡಿಗೆ ಮಾತ್ರ ಇತ್ತು. ಆದರೆ ದೇಶದೊಳಗಿನ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣ ಬೇಕೇಬೇಕೆಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟಿನಿಂದಲೇ ನಿಯಮ ಮಾಡಿದೆ. ಅಂದರೆ ಒಟಿಪಿ. ಆ ಒಟಿಪಿ ಹೋಗುವ ಸಿಮ್ ಎಲ್ಲಿತ್ತು? ಭಾವನ ಬಟನ್ ಫೋನಿನ ಎರಡನೇ ಗೂಡಿನಲ್ಲಿ. ಊರು ಬಿಡುವಾಗ ‘ಅಲ್ಲಿ ಎಂತಕ್ಕೆ, ಸುಮ್ಮನೆ ರೀಚಾರ್ಜ್ ದಂಡ’ ಎಂದು ಅವಳೇ ಬಿಟ್ಟು ಹೋಗಿದ್ದಳು.

ಆ ರಾತ್ರಿ ನಡೆದದ್ದನ್ನು ನಾನು ಸೋಫಾದಲ್ಲಿ ಕೂತು ನೋಡಿದೆ. ಅಕ್ಕನ ಸ್ಮಾರ್ಟ್‌ಫೋನಿನಲ್ಲಿ ವಾಟ್ಸ್‌ಆ್ಯಪ್ ವಿಡಿಯೊ ಕರೆ, ಭಾವನ ಕೈಯಲ್ಲಿ ಬಟನ್ ಫೋನು. ಮಗಳು ಅಲ್ಲಿಂದ ‘ಬಂತಾ ಅಪ್ಪ? ಬಂತಾ?’ ಭಾವ ಕನ್ನಡಕ ಹುಡುಕುವಷ್ಟರಲ್ಲಿ ಮೊದಲನೆಯದರ ಗಡುವು ಮುಗಿಯಿತು. ಎರಡನೆಯದರಲ್ಲಿ 6 ಮತ್ತು 9ರ ನಡುವೆ ಗೊಂದಲ. ಮೂರನೆಯದನ್ನು ಅವರು ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದರು. ಆಯಿತು! ಮೂವರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಬ್ಯಾಂಕಿನವನಾಗಿ ನಾಚಿಕೆಯಾಗಬೇಕಾದ ಚಪ್ಪಾಳೆ ಅದು. ಯಾಕೆಂದು ಮುಂದೆ ಹೇಳುತ್ತೇನೆ.

ಅಕ್ಟೋಬರ್ 28, ಬೆಳಿಗ್ಗೆ

ಫ್ರಿಜ್ ಬಂದದ್ದು ಸೋಮವಾರ ಹತ್ತು ನಲವತ್ತಕ್ಕೆ. ಟೆಂಪೊ ಗೇಟಿನಲ್ಲಿ ನಿಂತಿತು, ಇಬ್ಬರು ಹುಡುಗರು ಇಳಿಸಿ ಲಾಬಿಗೆ ತಂದರು. ಪೆಟ್ಟಿಗೆ ಬಿಚ್ಚುವ ಮೊದಲು ಒಬ್ಬ ‘ಅಂಕಲ್, ಓಟಿಪಿ’ ಅಂದ. ಭಾವ ಹೆಮ್ಮೆಯಿಂದ ಬಟನ್ ಫೋನು ತೆಗೆದರು. ಅದರಲ್ಲಿ ಏನೂ ಬಂದಿರಲಿಲ್ಲ.

ಅಂಗಡಿಯಲ್ಲಿ ಅವಳ ಖಾತೆ ತೆರೆದಿದ್ದದ್ದು ಇ-ಮೇಲ್ ಮೂಲಕ. ಡೆಲಿವರಿ ಒಟಿಪಿ ಹೋದದ್ದು ಆ ಇ-ಮೇಲಿಗೆ ಮತ್ತು ಅವಳ ಫೋನಿನ ಆ್ಯಪಿಗೆ. ಮ್ಯೂನಿಕ್‌ನಲ್ಲಿ ಬೇಕಿದ್ದ ಒಟಿಪಿ ಡೊಂಬಿವಲಿಗೆ ಬಂದಿತ್ತು, ಡೊಂಬಿವಲಿಯ ಲಾಬಿಯಲ್ಲಿ ಬೇಕಿದ್ದ ಒಟಿಪಿ ಮ್ಯೂನಿಕ್‌ಗೆ ಹೋಯಿತು.

ಮಗಳಿಗೆ ಫೋನ್ ಮಾಡಿದರೆ ಮುಗಿಯುತ್ತಿತ್ತಲ್ಲ? ಭಾವನೂ ಹಾಗೇ ಎಣಿಸಿದ್ದರು. ಕ್ಯಾಲೆಂಡರಿನ ಮೂಲೆಯಲ್ಲಿ ‘ಅಲ್ಲಿ 6.30 = ಇಲ್ಲಿ 10’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು, ಯಾಕೆಂದರೆ ಅವಳು ಏಳುವುದು ಆರೂವರೆಗೆ. ಆದರೆ ಐರೋಪ್ಯ ದೇಶಗಳಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ವರ್ಷ ಅದು 27ನೇ ತಾರೀಕು, ಅಂದರೆ ಹಿಂದಿನ ದಿನ. ಮೂರೂವರೆ ಗಂಟೆಯ ಅಂತರ ರಾತ್ರೋರಾತ್ರಿ ನಾಲ್ಕೂವರೆ ಆಗಿತ್ತು. ಹತ್ತು ನಲವತ್ತಕ್ಕೆ ಅಲ್ಲಿ ಆರು ಹತ್ತು. ಫೋನು ನಿದ್ದೆಯ ಮೋಡಿನಲ್ಲಿ, ಹುಡುಗಿ ಗಾಢ ನಿದ್ದೆಯಲ್ಲಿ.

ಭಾವ ಏಳು ಸಲ ಕರೆ ಮಾಡಿದರು. ಹುಡುಗರ ತಪ್ಪಿಲ್ಲ, ಧನತ್ರಯೋದಶಿಯ ಹಿಂದಿನ ದಿನ, ಟೆಂಪೊದಲ್ಲಿ ಇನ್ನೂ ಒಂಬತ್ತು ಮನೆಯ ಸಾಮಾನು. ಅಕ್ಕ ಅವರಿಗೆ ಚಹಾ ಕೊಟ್ಟು ಹತ್ತು ನಿಮಿಷ ಹಿಡಿದಿಟ್ಟಳು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಅವರು ಪೆಟ್ಟಿಗೆಯನ್ನು ಮತ್ತೆ ಟೆಂಪೊಗೆ ಏರಿಸಿದರು. ಹನ್ನೊಂದಕ್ಕೆ ಸರಿಯಾಗಿ ಮಗಳ ಅಲಾರಾಂ ಹೊಡೆಯಿತು. ಅವಳು ತಿರುಗಿ ಫೋನ್ ಮಾಡುವಾಗ ಟೆಂಪೊ ಮಾನ್‌ಪಾಡಾ ರಸ್ತೆಯ ಟ್ರಾಫಿಕ್ಕಿನಲ್ಲಿತ್ತು. ‘ಎರಡನೇ ಪ್ರಯತ್ನ ಬುಧವಾರ’ ಎಂದು ಸಂದೇಶ ಬಂತು. ಸಂಜೆ ಅದೂ ಹೋಗಿ ‘ಆರ್ಡರ್ ರದ್ದು: ಗ್ರಾಹಕರು ಲಭ್ಯವಿಲ್ಲ’ ಎಂದಾಯಿತು. ಮೂವರು ಗ್ರಾಹಕರು ಲಾಬಿಯಲ್ಲಿ ನಿಂತಿದ್ದರು, ಅವರಲ್ಲಿ ಒಬ್ಬರೂ ಆ್ಯಪಿನ ಲೆಕ್ಕದ ಗ್ರಾಹಕರಲ್ಲ.

ಮರುದಿನ ಭಾವ, ನಾನು ಸ್ಟೇಷನ್ ಬಳಿಯ ಅಂಗಡಿಗೆ ನಡೆದುಕೊಂಡು ಹೋದೆವು. ಹಳೆಯದಕ್ಕೆ 1,200 ರೂಪಾಯಿ ಕಳೆದು 28,900. ಸಂಜೆ ನಾಲ್ಕಕ್ಕೆ ಫ್ರಿಜ್ ಮೇಲೆ ಬಂತು. ಯಾರೂ ಯಾವ ನಂಬರೂ ಕೇಳಲಿಲ್ಲ. ಫಡ್ಕೆ ರಸ್ತೆಯ ದೀಪಾವಳಿ ಬೆಳಗಿನ ಜಾತ್ರೆಗೆ ಅಕ್ಕ ನಿಶ್ಚಿಂತೆಯಿಂದ ಹೋಗಿಬಂದಳು.

ಎಲ್ಲಿಗೂ ಸೇರದ ದುಡ್ಡು

ಇಲ್ಲಿಗೆ ಮುಗಿದಿದ್ದರೆ ಇದು ಹರಟೆಗೆ ಸಾಕಾಗುತ್ತಿತ್ತು, ಬರೆಯುವಷ್ಟಿರಲಿಲ್ಲ. 27,490 ರೂಪಾಯಿ ಹಿಂದೆ ಬರಬೇಕಿತ್ತಲ್ಲ.

ವಿದೇಶದಲ್ಲಿ ನೆಲೆಸಿದವರು ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ, ಅಂದರೆ ‘ಫೆಮಾ’ದ ನಿಯಮದಂತೆ ಅದನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ರೂಪಾಯಿ ಖಾತೆಯಾಗಿ ಬದಲಿಸಬೇಕು. ಅವಳು 2022ರಲ್ಲೇ ಮಾಡಬೇಕಿತ್ತು. ನಾನು ಬೀಳ್ಕೊಡುಗೆಯ ಊಟ ಉಂಡವನು, ಆಗಲೇ ನೆನಪಿಸಬಹುದಿತ್ತು. ಪಾಯಸದ ಬಗ್ಗೆ ಮಾತಾಡಿ ಬಂದೆ. ಬ್ಯಾಂಕು ಕೆವೈಸಿ ಕೇಳಿದ ಮೇಲೆ ಅಕ್ಟೋಬರ್ ಮೊದಲ ವಾರ ಅವಳು ಅರ್ಜಿ ಕಳಿಸಿದ್ದಳು. ಕೆಲವು ಬ್ಯಾಂಕುಗಳು ಹಳೆಯ ಸಂಖ್ಯೆಯನ್ನೇ ಉಳಿಸುತ್ತವೆ. ಈ ಬ್ಯಾಂಕು ಹಳೆಯದನ್ನು ಮುಚ್ಚಿ ಹೊಸ ಸಂಖ್ಯೆ ಕೊಟ್ಟಿತು. ನವೆಂಬರ್ 4ರಂದು.

ಅಂಗಡಿ ರೀಫಂಡ್ ಹೊರಡಿಸಿದ್ದು ಅಕ್ಟೋಬರ್ 30ಕ್ಕೆ. ನಡುವೆ ಹಬ್ಬದ ರಜೆಗಳು. ದುಡ್ಡು ಬ್ಯಾಂಕಿನ ಬಾಗಿಲಿಗೆ ಬರುವಷ್ಟರಲ್ಲಿ ಆ ಕಾರ್ಡೂ ಇಲ್ಲ, ಆ ಖಾತೆಯೂ ಇಲ್ಲ. ಬಂದ ದಾರಿಯಲ್ಲೇ ಹಿಂದೆ ಹೋಯಿತು. ಆ್ಯಪಿನಲ್ಲಿ ‘ರೀಫಂಡ್ ಪೂರ್ಣಗೊಂಡಿದೆ’ ಎಂಬ ಹಸಿರು ಗುರುತು. ಬ್ಯಾಂಕಿನಲ್ಲಿ ‘ನಮಗೆ ಬಂದಿಲ್ಲ’. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಇದೇ ಇದರ ಸೊಗಸು.

ಮಗಳು ಎಲ್ಲೋ ಓದಿ ‘ಮಾವ, ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡ್ಬೇಕಂತೆ’ ಎಂದಳು. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಇರುವುದು ನಿಜ. ಆದರೆ ಅದು ವಿಫಲವಾದ ವಹಿವಾಟಿಗೆ: ದುಡ್ಡು ಕಡಿತವಾಗಿ ಅಂಗಡಿಗೆ ಖಾತ್ರಿ ಸಿಗದೆ, ಐದು ದಿನ ಮೀರಿದರೆ ದಿನಕ್ಕೆ 100 ರೂಪಾಯಿ. ನಮ್ಮದು ಸಫಲವಾದ ಪಾವತಿ, ಆಮೇಲೆ ರದ್ದಾದ ಆರ್ಡರ್. ಅವಳಿಗೆ ಇದು ಕೂದಲು ಸೀಳಿದಂತೆ ಕಂಡಿತು. ಕೌಂಟರಿನ ಹಿಂದೆ ಕೂತವನಿಗೆ ಹಗಲು ರಾತ್ರಿಯಷ್ಟು ವ್ಯತ್ಯಾಸ.

ನವೆಂಬರ್ 20, ಮಧ್ಯಾಹ್ನ

ಬೇಸತ್ತ ಮಗಳು ಸಾಮಾಜಿಕ ಜಾಲತಾಣದಲ್ಲಿ ಅಂಗಡಿಯನ್ನು ಟ್ಯಾಗ್ ಮಾಡಿ, ಆರ್ಡರ್ ಸಂಖ್ಯೆ ಸಮೇತ ದೂರು ಬರೆದಳು. ಸ್ವಲ್ಪ ಹೊತ್ತಿನಲ್ಲೇ ಕಸ್ಟಮರ್ ಕೇರ್ ಎಂದು ಹೇಳಿಕೊಂಡ ಖಾತೆಯೊಂದರಿಂದ ಉತ್ತರ: ‘ತೊಂದರೆಗೆ ಕ್ಷಮೆ ಇರಲಿ, ಸಂಪರ್ಕ ಸಂಖ್ಯೆ ಕೊಡಿ.’ ಅವಳು ಮೀಟಿಂಗಿಗೆ ಓಡುವ ಅವಸರದಲ್ಲಿ ಅಪ್ಪನ ನಂಬರ್ ಕೊಟ್ಟಳು.

ಮೂರು ಗಂಟೆಗೆ ಭಾವನಿಗೆ ಕರೆ. ಹಿಂದಿಯಲ್ಲಿ, ತುಂಬಾ ಮರ್ಯಾದೆಯ ದನಿ. ಆರ್ಡರ್ ಸಂಖ್ಯೆ ಹೇಳಿದ, ಫ್ರಿಜ್ಜಿನ ಹೆಸರು ಹೇಳಿದ. ಮಗಳ ಖಾತೆ ಮುಚ್ಚಿರುವುದರಿಂದ ರೀಫಂಡನ್ನು ನಿಮ್ಮ ಕಾರ್ಡಿಗೇ ಹಾಕುತ್ತೇವೆ, ಕಾರ್ಡಿನ ಸಂಖ್ಯೆ ಹೇಳಿ ಎಂದ. ಅಷ್ಟೂ ವಿವರ ಅವಳ ದೂರಿನಲ್ಲೇ ಇತ್ತು. ಭಾವ ಪರ್ಸಿನಿಂದ ತಮ್ಮ ಕಾರ್ಡು ತೆಗೆದು ಹದಿನಾರು ಅಂಕಿ ಓದಿದರು, ಅವಧಿ ಓದಿದರು, ಹಿಂಬದಿಯ ಮೂರು ಅಂಕಿಯನ್ನೂ ಓದಿದರು. ಫೋನಿಗೆ ಒಟಿಪಿ ಬಂತು. ಕನ್ನಡಕ ಈ ಸಲ ಮೂಗಿನ ಮೇಲೇ ಇತ್ತು. ‘ಚಾರ್... ಸಾತ್... ಏಕ್... ಏಕ್...’

ಮಜ್ಜಿಗೆ ತಂದ ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳಂತೆ: ‘ದುಡ್ಡು ಬರ್ಲಿಕ್ಕೆ ಎಂತಕ್ಕೆ ನಂಬರ್ ಕೊಡೂದು ನೀವು? ಕೊಡ್ಲಿಕ್ಕಲ್ವಾ ನಂಬರ್ ಬೇಕಾದ್ದು?’ ಎಂಟನೇ ಇಯತ್ತೆಯವರೆಗೆ ಓದಿದವಳು. ಭಾವ ತಡವರಿಸಿದರು. ಅತ್ತಲಿನ ದನಿ ‘ಜಲ್ದಿ, ಸರ್’ ಎಂದಿತು. ಅಕ್ಕ ಫೋನು ಕಿತ್ತುಕೊಂಡು ಕೆಂಪು ಗುಂಡಿ ಒತ್ತಿದಳು. ಹತ್ತು ನಿಮಿಷದಲ್ಲಿ ನಾನು ಹೋಗಿ ಕಾರ್ಡು ಬ್ಲಾಕ್ ಮಾಡಿಸಿದೆ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು, ಆ ಪ್ರಸಂಗ ಬರಲಿಲ್ಲ.

ಭಾವ ಆ ಸಂಜೆ ಯಾರೊಡನೆಯೂ ಮಾತಾಡಲಿಲ್ಲ. ನನಗೆ ಮಾತ್ರ ಕಳ್ಳನಿಗಿಂತ ನಮ್ಮ ಚಪ್ಪಾಳೆಯೇ ನೆನಪಾಗುತ್ತಿತ್ತು. ಒಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕು ಹತ್ತು ವರ್ಷದಿಂದ ಸಂದೇಶ ಕಳಿಸಿ ಕಲಿಸಿದ್ದನ್ನು ಅಕ್ಟೋಬರ್ 22ರ ರಾತ್ರಿ ನಾವು ಹತ್ತು ನಿಮಿಷದಲ್ಲಿ ಮರೆಸಿದ್ದೆವು. ಫೋನಿನಲ್ಲಿ ಅಂಕಿ ಓದಿದರೆ ಕೆಲಸ ಆಗುತ್ತದೆ, ಎಲ್ಲರೂ ಮೆಚ್ಚುತ್ತಾರೆ ಎಂದು ಅವರಿಗೆ ಕಲಿಸಿದವರು ನಾವೇ.

1915

ಇ-ವಾಣಿಜ್ಯದ 2020ರ ನಿಯಮಗಳ ಪ್ರಕಾರ ಪ್ರತಿ ಆನ್‌ಲೈನ್ ಅಂಗಡಿಗೂ ಕುಂದುಕೊರತೆ ಅಧಿಕಾರಿ ಇರಬೇಕು. 48 ಗಂಟೆಯಲ್ಲಿ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಮಗಳು ನವೆಂಬರ್ 18ಕ್ಕೇ ಬರೆದಿದ್ದಳು. ತಲುಪಿತೆಂಬ ಉತ್ತರ ಸಮಯಕ್ಕೆ ಬಂತು, ಅದರ ಹಿಂದೆಯೇ ‘ರೀಫಂಡ್ ಪೂರ್ಣಗೊಂಡಿದೆ’ ಎಂಬ ಹಳೆಯ ಹಾಡು.

25ರಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲು ಕೂತೆವು. ಭಾವನ ತಕರಾರು: ‘ದುಡ್ಡು ಅವಳದ್ದು, ಅವಳು ಜರ್ಮನಿಯಲ್ಲಿ. ನಾವು ಯಾವ ಬಾಯಿಂದ ಕೇಳೂದು?’ ಪ್ರಶ್ನೆ ಸರಿಯಾದದ್ದೇ. ಉತ್ತರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಕೊಂಡವರು ಮಾತ್ರವಲ್ಲ, ಕೊಂಡವರ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವರೂ ಗ್ರಾಹಕರೇ. ದೂರುದಾರರು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನಮಗೆ ಅದು ಠಾಣೆ ಜಿಲ್ಲೆ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಫ್ರಿಜ್ ಮನೆಯೊಳಗೆ ಬಂದೇ ಇಲ್ಲವಲ್ಲ, ‘ಬಳಸುವವರು’ ಹೇಗಾದಾರು ಎಂದು ವಕೀಲರು ಎಳೆಯಬಹುದಿತ್ತು. ಅದಕ್ಕೆ ಮಗಳಿಂದ ಒಂದು ಅಧಿಕಾರ ಪತ್ರವನ್ನೂ ತರಿಸಿಟ್ಟುಕೊಂಡೆ. ಹಳೆಯ ಚಾಳಿ, ಕಾಗದ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಸಹಾಯವಾಣಿಯಲ್ಲಿ ಕನ್ನಡವೂ ಇದೆ. ಅಕ್ಕನಿಗೆ ಹಿಂದಿ, ಮರಾಠಿ ಎರಡೂ ನೀರು ಕುಡಿದಷ್ಟು ಸುಲಭ, ಆದರೂ ಕನ್ನಡವೇ ಬೇಕೆಂದಳು. ‘ಜಗಳ ಆಡ್ಲಿಕ್ಕೆ ನಮ್ಮ ಭಾಷೆಯೇ ಸಮ’ ಎನ್ನುವುದು ಅವಳ ವಾದ.

ಗಂಟು ಬಿಚ್ಚಿದ್ದು ಒಂದು ಸಂಖ್ಯೆ. ಕಾರ್ಡಿಗೆ ಹೋಗುವ ರೀಫಂಡಿಗೆ ಎಆರ್‌ಎನ್ ಎಂಬ 23 ಅಂಕಿಯ ಗುರುತು ಇರುತ್ತದೆ. ಅದನ್ನು ಕೇಳಿದರೆ ‘ಪೂರ್ಣಗೊಂಡಿದೆ’ ಎಂಬ ಗೋಡೆ ಸರಿದು ದುಡ್ಡು ಎಲ್ಲಿ ನಿಂತಿದೆ ಎಂದು ಹುಡುಕಲೇಬೇಕಾಗುತ್ತದೆ. ಸಹಾಯವಾಣಿಯ ಮೂಲಕ ಹೋದ ದೂರಿಗೆ ಅಂಗಡಿ ಆ ಸಂಖ್ಯೆ ಕೊಟ್ಟಿತು. ಬ್ಯಾಂಕು ಅದನ್ನು ಹಿಡಿದು ‘ಖಾತೆ ಮುಚ್ಚಿದ ಕಾರಣ ಹಿಂದಿರುಗಿಸಿದೆ’ ಎಂದು ಬರೆದುಕೊಟ್ಟಿತು. ಎನ್‌ಆರ್‌ಒ ಖಾತೆಯ ರದ್ದು ಮಾಡಿದ ಚೆಕ್ಕಿನ ಪ್ರತಿ ಕಳಿಸಿದೆವು. ಡಿಸೆಂಬರ್ 11ರಂದು 27,490 ರೂಪಾಯಿ ಬಂತು. ಬಡ್ಡಿ ಇಲ್ಲ, ಕ್ಷಮೆ ಇಲ್ಲ, ಒಂದು ಪೈಸೆ ಕಡಿಮೆಯೂ ಇಲ್ಲ.

ಆಮೇಲೆ

ಡಿಸೆಂಬರಿನಲ್ಲಿ ಯಾರೋ ಮ್ಯೂನಿಕ್‌ಗೆ ಹೊರಟವರ ಕೈಯಲ್ಲಿ ಆ ಸಿಮ್ ಅವಳಿಗೆ ಹೋಯಿತು. ಎನ್‌ಆರ್‌ಒ ಖಾತೆಗೆ ಅವಳ ಜರ್ಮನ್ ನಂಬರನ್ನೇ ಜೋಡಿಸಿದ್ದಾಯಿತು. ಅಂಗಡಿಯಲ್ಲಿ ಅಕ್ಕನ ಹೆಸರಿನಲ್ಲಿ, ಅಕ್ಕನ ನಂಬರಿನಲ್ಲಿ ಬೇರೆ ಖಾತೆ. ಮಗಳು ಏನಾದರೂ ಕೊಡಿಸಬೇಕೆಂದರೆ ದುಡ್ಡನ್ನು ಅಮ್ಮನ ಖಾತೆಗೆ ಕಳಿಸುತ್ತಾಳೆ. ಮಕ್ಕಳು ಹೆತ್ತವರಿಗೆ ಉಡುಗೊರೆಯಾಗಿ ಕೊಟ್ಟ ಹಣಕ್ಕೆ ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಆರಿಸುವುದು, ಪಾವತಿ, ಒಟಿಪಿ, ಬಾಗಿಲು ತೆರೆಯುವುದು ಎಲ್ಲ ಈಗ ಒಂದೇ ಮನೆಯಲ್ಲಿ, ಒಬ್ಬಳೇ ಹೆಂಗಸಿನ ಕೈಯಲ್ಲಿ. ಮಗಳಿಗೆ ಇದರಲ್ಲಿ ಸಣ್ಣ ಬೇಸರ. ‘ನಾನು ಕೊಡಿಸಿದ ಹಾಗೇ ಆಗೂದಿಲ್ಲ ಮಾವ, ಬರೇ ದುಡ್ಡು ಕಳಿಸಿದ ಹಾಗೆ’ ಎನ್ನುತ್ತಾಳೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಭಾವ ಇನ್ನೂ ತಮ್ಮ ಹೊಸ ಕಾರ್ಡನ್ನು ಲಕೋಟೆಯಿಂದ ತೆಗೆದಿಲ್ಲ.

ಜನವರಿಯಲ್ಲಿ ಸಂಕ್ರಾಂತಿ ಕಳೆದ ಮೇಲೆ ಅಕ್ಕ ಮಗಳಿಗೆ ಒಂದು ಪಾರ್ಸೆಲ್ ಕಟ್ಟಿದಳು. ಹಲಸಿನ ಹಪ್ಪಳ, ಸಾರಿನ ಪುಡಿ, ಎಳ್ಳು ಬೆಲ್ಲ. ತುಪ್ಪದ ಉಂಡೆಯನ್ನು ನಾನೇ ತೆಗೆಸಿದೆ, ಹಾಲಿನ ಪದಾರ್ಥಗಳಿಗೆ ಅಲ್ಲಿ ಪ್ರವೇಶವಿಲ್ಲ. ಉಡುಗೊರೆಯ ಬೆಲೆ 45 ಯೂರೊ ಮೀರಿದರೆ ತೆರಿಗೆ ಬೀಳುತ್ತದೆ, ಅದನ್ನೂ ಲೆಕ್ಕ ಹಾಕಿದೆವು. ಕಸ್ಟಮ್ಸ್ ಫಾರಮ್ ತುಂಬುವಾಗ ಅಕ್ಕ ಮಗಳಿಗೆ ಫೋನ್ ಹಚ್ಚಿ ಕೇಳಿದಳು: ‘ನಿಂದು ಯಾವ ನಂಬರ್ ಬರೀಲೆ? ಒಟಿಪಿ ಯಾವುದಕ್ಕೆ ಬರ್ತದೆ?’

‘ನಂಬರ್ ಯಾವುದಾದ್ರೂ ಬರಿ ಅಮ್ಮ. ಹೆಸರು ಮಾತ್ರ ಬೆಲ್ಲಿನ ಮೇಲೆ ಇದ್ದ ಹಾಗೇ ಬರಿ, ಕೊನೇಲಿ ಎರಡು ಎ.’

ಅಕ್ಕ ನನ್ನಿಂದ ಪೆನ್ನು ತೆಗೆದುಕೊಂಡು ಮಗಳ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ, ಕೊನೆಯಲ್ಲಿ ಎರಡು ಎ ಸೇರಿಸಿ, ತಾನೇ ಬರೆದಳು.